ಬಾಲಿಕೆಯರಿಗೆ ತತ್ತ್ವವಿಚಾರ

ಪ್ರೌಢಶಾಲೆಯ ಬಾಲಿಕೆಯರಿಗೆ ತತ್ತ್ವಶಾಸ್ತ್ರವನ್ನು ಕಲಿಸಬೇಕೆಂದೊಡನೆ ಅನೇಕರು ನಗುವರು. ಅದು ಮುಪ್ಪಿನವರ ವಿಚಾರವೆಂದೂ, ಹತ್ತನೆಯ ತರಗತಿಯ ಪರೀಕ್ಷೆಗಾಗಿ ಬೆನ್ನು ಬಾಗಿಸಿರುವ ಮಕ್ಕಳಿಗೆ ಮತ್ತೊಂದು ಹೊರೆಯೇಕೆಂದೂ ಅವರ ಆಕ್ಷೇಪಣೆ. ಹೊರೆಯ ಮಾತು ಸುಳ್ಳಲ್ಲ. ಆದರೆ ನಾವು ಕೇಳುತ್ತಿರುವುದು ಇನ್ನೊಂದು ಪಠ್ಯಪುಸ್ತಕವನ್ನಲ್ಲ. ಶಂಕರ, ರಾಮಾನುಜ, ಪ್ಲೇಟೋ, ಕಾಂಟ್ ಎಂಬ ಹೆಸರುಗಳನ್ನು ಕಂಠಪಾಠ ಮಾಡಿಸುವುದರಿಂದ ಬರುವ ಲಾಭವು ಅತ್ಯಲ್ಪವು. ಪರೀಕ್ಷೆಯೂ ಅಂಕಗಳೂ ಇಲ್ಲದ ಒಂದು ಪೀರಿಯಡ್ಡಿನಲ್ಲಿ, ವಾರಕ್ಕೊಮ್ಮೆ, ಒಂದು ಪ್ರಶ್ನೆಯನ್ನು ಎಲ್ಲರೂ ಕೂಡಿ ವಿಚಾರಿಸಲಿ ಎಂಬುದಿಷ್ಟೇ ನಮ್ಮ ಅಪೇಕ್ಷೆ.

ಎಂತಹ ಪ್ರಶ್ನೆ? ಗ್ರೀಸ್ ದೇಶದ ಒಂದನ್ನು ಪ್ಲೂಟಾರ್ಕನು ಬರೆದಿಟ್ಟಿದ್ದಾನೆ. ಅಥೆನ್ಸಿನವರು ಥೀಸಿಯಸ್ ಎಂಬ ವೀರನ ಹಡಗನ್ನು ಕಾಪಾಡುತ್ತ, ಕೆಟ್ಟ ಹಲಗೆಗಳನ್ನು ತೆಗೆದು ಹೊಸವನ್ನು ಜೋಡಿಸುತ್ತಿದ್ದರಂತೆ. ಅದು ಅದೇ ಹಡಗೋ ಬೇರೆಯೋ ಎಂದು ಪಂಡಿತರಲ್ಲಿ ವಾದವು ಹುಟ್ಟಿತು. ಇದನ್ನೇ ಶಾಲೆಗೆ ಅನ್ವಯಿಸಿ ನೋಡಿರಿ. ಮಾಡಿನ ಹಂಚುಗಳು ಬದಲಾಗುವುವು, ಉಪಾಧ್ಯಾಯಿನಿಯರು ನಿವೃತ್ತರಾಗುವರು, ವಿದ್ಯಾರ್ಥಿನಿಯರಂತೂ ಕೆಲವೇ ವರ್ಷಗಳಲ್ಲಿ ಪೂರ್ತಿಯಾಗಿ ಬೇರೆಯವರು. ಹಾಗಿದ್ದೂ ಪೂರ್ವ ವಿದ್ಯಾರ್ಥಿನಿಯರಾದ ನೀವು ಗೇಟನ್ನು ದಾಟಿದೊಡನೆ “ಇದು ನಮ್ಮ ಶಾಲೆ” ಎನ್ನುತ್ತೀರಿ. ಯಾವ ಆಧಾರದಿಂದ? ಸ್ಥಳದಿಂದ ಎಂದು ಒಬ್ಬಳೂ, ಹೆಸರಿನಿಂದ ಎಂದು ಮತ್ತೊಬ್ಬಳೂ, ನೆನಪಿನಿಂದ ಎಂದು ಮಗುದೊಬ್ಬಳೂ ಹೇಳಿಯಾರು. ನೆನಪಿದ್ದವರೆಲ್ಲ ತೀರಿಕೊಂಡ ಮೇಲೆ? ಎಂದು ನಾಲ್ಕನೆಯವಳು ಕೇಳುವಳು. ಹುಡುಗಿಯರು ಇಲ್ಲಿ ಕಲಿಯುವುದು ಹಡಗಿನ ಸಂಗತಿಯನ್ನಲ್ಲ. ತನ್ನ ಮಾತಿಗೆ ಕಾರಣ ಕೊಡುವುದನ್ನೂ, ಗೆಳತಿಯ ಕಾರಣವು ಮೇಲೆನಿಸಿದರೆ ಮುಖ ಬಾಡಿಸದೆ ಒಪ್ಪುವುದನ್ನೂ ಕಲಿಯುವರು.

ಇದು ನೂತನ ಕಲ್ಪನೆಯೇನೂ ಅಲ್ಲ. ಅಮೆರಿಕದಲ್ಲಿ ಮ್ಯಾಥ್ಯೂ ಲಿಪ್‌ಮನ್ನರು 1974ರಲ್ಲಿ ಮಕ್ಕಳ ತತ್ತ್ವವಿಚಾರಕ್ಕಾಗಿಯೇ ಒಂದು ಸಂಸ್ಥೆಯನ್ನು ಕಟ್ಟಿದರು. ಇಂಗ್ಲೆಂಡಿನ 48 ಪ್ರಾಥಮಿಕ ಶಾಲೆಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಿ, ಓದಿನಲ್ಲಿಯೂ ಗಣಿತದಲ್ಲಿಯೂ ಮಕ್ಕಳು ತುಸು ಮುಂದುವರಿದರೆಂದು 2015ರ ವರದಿಯು ತಿಳಿಸಿತು. ಅದಕ್ಕಿಂತ ದೊಡ್ಡ ಎರಡನೆಯ ಪರೀಕ್ಷೆಯ ವರದಿಯು 2021ರಲ್ಲಿ ಹೊರಬಂದಾಗ ಓದಿನಲ್ಲಿ ಅಂತಹ ಲಾಭವು ಕಂಡುಬರಲಿಲ್ಲ. ಮೊದಲನೆಯ ವರದಿಯನ್ನು ಸಾರಿ ಎರಡನೆಯದನ್ನು ಮುಚ್ಚಿಡುವುದು, ಅದೂ ಸತ್ಯಶೋಧನೆಯ ಹೆಸರಿನಲ್ಲಿ, ನಮಗೆ ಸರಿಕಾಣದು. ಅಂಕಗಳಿಗಾಗಿ ಈ ವಿದ್ಯೆಯನ್ನು ಬಯಸುವ ತಂದೆತಾಯಿಗಳು ನಿರಾಶರಾದಾರು.

ಹಾಗಾದರೆ ಏತಕ್ಕೆ? ನಮ್ಮ ಹೆಣ್ಣುಮಕ್ಕಳು ಉತ್ತರ ಹೇಳುವುದರಲ್ಲಿ ಚೆನ್ನಾಗಿ ಪಳಗಿದ್ದಾರೆ. ಪ್ರಶ್ನೆ ಕೇಳುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ನಾಳೆ ಅವರ ಮುಂದೆ ಸಾಲದ ಕಾಗದ ಬರುವುದು, ಮದುವೆಯ ಮಾತುಕತೆ ಬರುವುದು, ಮೊಬೈಲಿನಲ್ಲಿ ದಿನಕ್ಕೊಂದು ವದಂತಿ ಬರುವುದು. “ನಮ್ಮಲ್ಲಿ ಹೀಗೆಯೇ ನಡೆದುಬಂದಿದೆ” ಎಂಬ ಮಾತಂತೂ ಬಂದೇ ಬರುವುದು. “ಇದು ನಿಜವೆಂದು ಹೇಗೆ ತಿಳಿಯಿತು?” ಎಂದು ಸಮಾಧಾನದಿಂದ ಕೇಳಬಲ್ಲವಳಿಗೂ ಕೇಳಲಾರದವಳಿಗೂ ಆಗ ಬಹಳ ಅಂತರವಿರುವುದು.

ಹೆಣ್ಣು ಪ್ರಶ್ನೆ ಕೇಳಿದರೆ ಎದುರುತ್ತರವೆನ್ನುವ ರೂಢಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ಬೃಹದಾರಣ್ಯಕೋಪನಿಷತ್ತಿನಲ್ಲಿ ಗಾರ್ಗಿಯು ಜನಕನ ಸಭೆಯೊಳಗೆ ಒಂದರ ಮೇಲೊಂದು ಪ್ರಶ್ನೆಗಳನ್ನು ಹಾಕಲು, ಮಿತಿಮೀರಿ ಕೇಳಿದರೆ ತಲೆಯೇ ಉರುಳೀತೆಂದು ಯಾಜ್ಞವಲ್ಕ್ಯನು ಎಚ್ಚರಿಸಿದನು. ಆಕೆ ಸುಮ್ಮನಾದಳು. ಆದರೆ ಆ ಸಭೆಯಲ್ಲಿಯೇ ಮತ್ತೆ ಎದ್ದು, ಎರಡು ಪ್ರಶ್ನೆಗಳಿವೆಯೆಂದಳು. ಉತ್ತರ ದೊರೆತ ಮೇಲೆ, ಇವನನ್ನು ಗೆಲ್ಲುವವರಿಲ್ಲವೆಂದು ತಾನೇ ಸಭೆಗೆ ಸಾರಿದಳು. ಎದುರುತ್ತರ ಕೊಡುವವಳು ಹಾಗೆ ಒಪ್ಪಿಕೊಳ್ಳುವುದುಂಟೆ? ಯುರೋಪಿನಲ್ಲಿ 1643ರಲ್ಲಿ, 24 ವರ್ಷದ ಬೊಹೀಮಿಯದ ರಾಜಕುಮಾರಿ ಎಲಿಜಬೆತ್ತಳು, ದೇಹವಿಲ್ಲದ ಆತ್ಮವು ದೇಹವನ್ನು ಹೇಗೆ ಚಲಿಸೀತೆಂದು ದೇಕಾರ್ತನಿಗೆ ಪತ್ರ ಬರೆದಳು. ಆ ಮಹಾಪಂಡಿತನ ಸಮಾಧಾನವು ಆಕೆಗೆ ಸಾಲದೆ, ಮರಳಿ ಕೇಳಿದಳು.

ಕಲಿಸುವವರು ಯಾರೆಂಬುದೇ ಉಳಿದ ತೊಡಕು. ಪಾಂಡಿತ್ಯಕ್ಕಿಂತ, ತನ್ನ ಉತ್ತರವನ್ನು ನಲವತ್ತು ನಿಮಿಷ ನಾಲಗೆಯ ತುದಿಯಲ್ಲಿ ತಡೆದಿಡುವ ಶಕ್ತಿಯು ಇಲ್ಲಿ ಬೇಕು. ಉಪಾಧ್ಯಾಯರಿಗೆ ಇದು ಸುಲಭವಲ್ಲ. ಪೂರ್ವ ವಿದ್ಯಾರ್ಥಿನಿಯರಲ್ಲಿ ವಕೀಲರೂ ವೈದ್ಯರೂ ಕಾಲೇಜಿನ ಅಧ್ಯಾಪಿಕೆಯರೂ ಇದ್ದರೆ, ತಿಂಗಳಿಗೊಮ್ಮೆ ಬಂದು ಬಾಲಿಕೆಯರೊಡನೆ ಕುಳಿತುಕೊಳ್ಳಬೇಕೆಂದು ಬೇಡುತ್ತೇವೆ. ಶಾಲೆಯ ಮುಖ್ಯಸ್ಥರು ಶುಕ್ರವಾರದ ಕೊನೆಯ ಪೀರಿಯಡ್ಡನ್ನು ಬಿಡಿಸಿಕೊಡಲಿ. ಆಟದ ಪೀರಿಯಡ್ಡನ್ನು ಮಾತ್ರ ಮುಟ್ಟದಿರಲಿ.