ಕೂಲೆಂಟ್ ಡಬ್ಬಿಯ ಮೇಲೆ ಕನ್ನಡಕ್ಕೆ ಜಾಗವಿಲ್ಲವೇ?

ಕನ್ನಡದ ತರುಣರೇ,

ಕಬ್ಬಿನ ಹಂಗಾಮಿನಲ್ಲಿ ಒಮ್ಮೆ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಯ ರಸ್ತೆಗಳಿಗೆ ಬನ್ನಿ. ಟ್ರೇಲರ್ ತುಂಬ ಕಬ್ಬು ಎಳೆದುಕೊಂಡು ಟ್ರ್ಯಾಕ್ಟರುಗಳು ಹಗಲೂ ರಾತ್ರಿ ಕಾರ್ಖಾನೆಯ ದಾರಿ ಹಿಡಿದಿರುತ್ತವೆ. ಆ ಎಂಜಿನ್ನು ಕುದಿಯದಂತೆ ಕಾಯುವುದು ಕೂಲೆಂಟ್. ಅದರ ಡಬ್ಬಿಯ ಮೇಲೆ ಏನಿದೆ? ಇಂಗ್ಲಿಷು, ಹೆಚ್ಚೆಂದರೆ ಹಿಂದಿ. ಕನ್ನಡವನ್ನು ದುರ್ಬೀನು ಹಿಡಿದು ಹುಡುಕಬೇಕು!

‘ಆಂಟಿಫ್ರೀಜ್’ ಎಂದರೆ ಹೆಪ್ಪುಗಟ್ಟದಂತೆ ತಡೆಯುವುದು ಎಂದು ಯಾರೋ ಹೇಳಿದರೆ ಚಾಲಕ ನಗುತ್ತಾನೆ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದುಂಟೇ? ಬೋರ್‌ವೆಲ್ ನೀರು ಸುರಿದು ಹೊರಡುತ್ತಾನೆ. ಗಡಸು ನೀರು ಒಳಗೆ ಸುಣ್ಣ ಕಟ್ಟುತ್ತದೆ. ಅದೇ ಕೂಲೆಂಟ್ ಕುದಿಬಿಂದು ಏರಿಸುತ್ತದೆ, ತುಕ್ಕನ್ನೂ ತಡೆಯುತ್ತದೆ ಎಂದು ಅವನ ಭಾಷೆಯಲ್ಲಿ ಹೇಳಿದವರು ಯಾರು? ಎಂಜಿನ್ ಕೈಕೊಟ್ಟಾಗ ಸಾಲ ಯಾರ ತಲೆಗೆ?

ತಾಂತ್ರಿಕ ವಿಷಯಕ್ಕೆ ಕನ್ನಡ ಸಾಲದು ಎನ್ನುವ ಮಹಾಶಯರೇ, ಇಗೋ ಓದಿಕೊಳ್ಳಿ!

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಬಿಸಿಯಿದ್ದಾಗ ತೆಗೆದರೆ ಮುಖ ಸುಟ್ಟೀತು. ದ್ರವ ಕಂದು ಬಣ್ಣಕ್ಕೆ ತಿರುಗಿದ್ದರೆ, ತುಕ್ಕಿನ ಪುಡಿ ಕಂಡರೆ ಬದಲಿಸಿ. ಎಣ್ಣೆ ತೇಲಿದರೆ ಮೆಕ್ಯಾನಿಕ್ಕಿಗೆ ತೋರಿಸಿ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಗ್ಲೈಕಾಲ್ ಎಷ್ಟಿದೆಯೆಂದು ತಿಳಿಯಲು ರಿಫ್ರ್ಯಾಕ್ಟೋಮೀಟರಿಗೆ ಒಂದು ಹನಿ ಹಾಕಿ ನೋಡಿ. ಅದು ಸರಿಯಿದ್ದರೂ ತುಕ್ಕು ತಡೆಯುವ ಶಕ್ತಿ ತೀರಿರಬಹುದು. ಅದನ್ನು ನೋಡಲು ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ ಸಿಗುತ್ತದೆ. ಹಳೆಯ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮಗು ಕುಡಿದರೆ, ನಾಯಿ ನೆಕ್ಕಿದರೆ ಪ್ರಾಣಕ್ಕೇ ಸಂಚಕಾರ.

ಮುಗಿಯಿತು! ಇಷ್ಟಕ್ಕೆ ಇಂಗ್ಲಿಷು ಬೇಕಾಯಿತೇ?

ಕಂಪನಿಗಳಿಗೆ ಈ ಧೈರ್ಯ ಎಲ್ಲಿಂದ ಬಂತು? ಕೇಂದ್ರದ 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಉಳಿದ ಭಾಷೆ ಅವರ ಮರ್ಜಿ! ನಮ್ಮ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಕರ್ನಾಟಕದಲ್ಲಿ ತಯಾರಾದ ಸರಕಿನ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆನ್ನುತ್ತದೆ. ಹೊರಗೆ ತಯಾರಾಗಿ ಇಲ್ಲಿ ಮಾರಾಟವಾಗುವ ವಿಷದ ಡಬ್ಬಿಯ ಗತಿಯೇನು?

ಇದು ನೆರೆಮನೆಯ ಮರಾಠಿಗನ ಮೇಲಿನ ಜಗಳವಲ್ಲ. ಕುದಿಯುವ ರೇಡಿಯೇಟರ್ ಭಾಷೆ ಕೇಳಿ ಸುಡುವುದಿಲ್ಲ. ನಿಪ್ಪಾಣಿ ನಮ್ಮದೆಂದು ಬೆಂಗಳೂರಿನಲ್ಲಿ ಘೋಷಣೆ ಕೂಗಿದರಷ್ಟೇ ಸಾಲದು. ನಿಪ್ಪಾಣಿಯ ಅಂಗಡಿಯ ಡಬ್ಬಿಯೂ ಕನ್ನಡ ಮಾತಾಡಬೇಕು.

ತರುಣರೇ, ನಿಮ್ಮ ಬೈಕಿಗೆ, ಕಾರಿಗೆ ಕೂಲೆಂಟ್ ಕೊಳ್ಳುವಾಗ ಡಬ್ಬಿ ತಿರುಗಿಸಿ ನೋಡಿ. ಕನ್ನಡ ಇಲ್ಲವೇ? ಅಂದೇ ಕಂಪನಿಗೆ ಪತ್ರ ಹಾಕಿ. ಕನ್ನಡದಲ್ಲೇ ಹಾಕಿ!