ಬರ ಬಂದರೆ ಕಾಣುವ ಊರು

ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಗುಡ್ಡಗಾಡಿನಲ್ಲಿ ಡರ್ವೆಂಟ್ ಎಂಬ ಪುಟ್ಟ ಹಳ್ಳಿಯೊಂದಿತ್ತು. ಅದೇ ಹೆಸರಿನ ನದಿ, ಕಲ್ಲಿನ ಮನೆಗಳು, ಕುರಿ ಸಾಕುವ ರೈತರು, ಚೂಪು ಗೋಪುರದ ಒಂದು ಚರ್ಚು. ಇಂದು ಅಲ್ಲಿ ಇರುವುದು ಲೇಡಿಬೋವರ್ ಜಲಾಶಯ.

ಊರಿಗೆ ಮುಳುವಾದದ್ದು ಕಣಿವೆಯ ಒಳ್ಳೆಯ ಗುಣಗಳೇ! ಮಳೆ ಧಾರಾಳ, ಮೇಲ್ಗಡೆ ಜನವಸತಿ ವಿರಳ, ಹಾಗಾಗಿ ನೀರು ಶುಚಿ. ಕಣಿವೆ ಕಿರಿದಾದ್ದರಿಂದ ಅಡ್ಡಗಟ್ಟೆಯ ಉದ್ದವೂ ಕಡಿಮೆ ಸಾಕು. ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ನಗರಗಳಿಗೆ ನೀರು ಬೇಕಿತ್ತು. ಅದಕ್ಕಾಗಿ 1899ರಲ್ಲಿ ಒಂದು ಜಲಮಂಡಳಿಯೇ ಹುಟ್ಟಿತು. ಹೌಡೆನ್ ಮತ್ತು ಡರ್ವೆಂಟ್ ಎಂಬ ಎರಡು ಕಲ್ಲಿನ ಅಣೆಕಟ್ಟುಗಳು 1912 ಮತ್ತು 1916ರಲ್ಲಿ ಮುಗಿದವು. ಎರಡೂ ಊರಿನಿಂದ ಮೇಲಕ್ಕಿದ್ದವು, ಹಳ್ಳಿ ಉಳಿಯಿತು. ನಗರಗಳ ದಾಹ ಮಾತ್ರ ತೀರಲಿಲ್ಲ. ಮೂರನೆಯದನ್ನು 1935ರಿಂದ 1943ರವರೆಗೆ ಊರಿನ ಕೆಳಗಡೆ ಕಟ್ಟಿದರು.

ಇದು ಮಣ್ಣಿನ ಕಟ್ಟೆ. ಮಣ್ಣು ನೀರನ್ನು ತಡೆದೀತೆ? ಬರೀ ಮಣ್ಣಾದರೆ ಜಿನುಗುತ್ತದೆ. ಆದ್ದರಿಂದ ಕಟ್ಟೆಯ ನಡುವೆ ಜೇಡಿಮಣ್ಣಿನ ಗೋಡೆಯಿದೆ. ಜೇಡಿಯ ಕಣಗಳು ತೀರ ಸಣ್ಣವು, ಒತ್ತಿ ಕೂಡಿಸಿದರೆ ನೀರು ನುಸುಳಲು ಸಂದೇ ಸಿಗದು. ಬುಡದ ಬಂಡೆಯ ಬಿರುಕುಗಳಿಂದ ನೀರು ಸೋರದಂತೆ ಸುಮಾರು 55 ಮೀಟರು ಆಳದ ಕಂದಕ ತೋಡಿ ಕಾಂಕ್ರೀಟು ತುಂಬಿದ್ದಾರೆ. ಹೆಚ್ಚಾದ ನೀರು ಹೊರಹೋಗಲು ಕಟ್ಟೆಯ ಪಕ್ಕದಲ್ಲಿ ಆಲಿಕೆಯಂಥ ಎರಡು ದೊಡ್ಡ ಬಾಯಿಗಳಿವೆ. ಜಲಾಶಯ ತುಂಬಿದಾಗ ನೀರು ಸುತ್ತಲಿಂದಲೂ ಅದರೊಳಕ್ಕೆ ಧುಮುಕುವುದನ್ನು ನೋಡಲು ಜನ ಸೇರುತ್ತಾರೆ.

ಜನ ಮನೆ ಬಿಟ್ಟರು. ಸ್ಮಶಾನದಲ್ಲಿದ್ದ ಹಿರಿಯರ ಅವಶೇಷಗಳನ್ನೂ ಅಗೆದು ತೆಗೆದು ಹತ್ತಿರದ ಬ್ಯಾಮ್‌ಫರ್ಡ್ ಊರಿನಲ್ಲಿ ಹೂಳಲಾಯಿತು. ಸತ್ತವರಿಗೂ ಊರು ಬಿಡುವ ಪಾಡು! ನೆರೆಯ ಆಶಾಪ್ಟನ್ ಹಳ್ಳಿಯೂ ಮುಳುಗಿತು. 1945ರ ಹೊತ್ತಿಗೆ ಜಲಾಶಯ ತುಂಬಿತು. ಚರ್ಚಿನ ಗೋಪುರವನ್ನು ಮಾತ್ರ ನೆನಪಿಗೆಂದು ಕೆಡವದೆ ಬಿಟ್ಟಿದ್ದರು; ನೀರಿನ ಮೇಲೆ ಅದರ ತುದಿ ಕಾಣುತ್ತಿತ್ತು. ಈಜಿಕೊಂಡು ಅಲ್ಲಿಗೆ ಹೋಗುವವರು ಅಪಾಯಕ್ಕೆ ಸಿಕ್ಕಾರೆಂಬ ಭಯದಿಂದ 1947ರ ಡಿಸೆಂಬರಿನಲ್ಲಿ ಅದನ್ನೂ ಸಿಡಿಮದ್ದಿಟ್ಟು ಉರುಳಿಸಿದರು.

ಮಳೆ ಕೈಕೊಟ್ಟ ವರ್ಷ ಮಾತ್ರ ಊರು ತಲೆಯೆತ್ತುತ್ತದೆ. 1976, 1995, 2018ರಲ್ಲಿ ಹಾಗಾಯಿತು. ಬಿರುಕುಬಿಟ್ಟ ಕೆಸರಿನ ನಡುವೆ ಮನೆಗಳ ತಳಪಾಯ, ಕುಸಿದ ಗೋಡೆ, ಕಲ್ಲುರಾಶಿ. 2018ರಲ್ಲಿ ನೋಡಲು ಮುಗಿಬಿದ್ದವರಲ್ಲಿ ಕೆಲವರು ಕೆಸರಿನಲ್ಲಿ ಹೂತುಕೊಂಡು, ರಕ್ಷಣಾ ತಂಡದವರೇ ಬಂದು ಎಳೆಯಬೇಕಾಯಿತು. ಮೇಲೆ ಒಣಗಿದ ಹೆಪ್ಪು, ಕೆಳಗೆ ಮೆತ್ತನೆಯ ಹೂಳು, ನೋಟಕ್ಕೆ ಗಟ್ಟಿನೆಲ!

ಊರಿನದೊಂದು ವಸ್ತು ಇಡಿಯಾಗಿ ಉಳಿದಿದೆ. ಹೇರುಕುದುರೆಗಳು ದಾಟುತ್ತಿದ್ದ ಹಳೆಯ ಕಲ್ಲುಸೇತುವೆಯನ್ನು ಬಿಚ್ಚಿ, ಒಂದೊಂದು ಕಲ್ಲಿಗೂ ಅಂಕಿ ಹಾಕಿ ಇಟ್ಟಿದ್ದರು. 1959ರಲ್ಲಿ ಅದನ್ನು ಜಲಾಶಯಗಳಿಂದಲೂ ಮೇಲೆ, ಸ್ಲಿಪರಿ ಸ್ಟೋನ್ಸ್ ಎಂಬಲ್ಲಿ ಮತ್ತೆ ಜೋಡಿಸಿದರು. ಅದೇ ಡರ್ವೆಂಟ್ ನದಿಯನ್ನು ಚಾರಣಿಗರು ಇಂದೂ ಅದರ ಮೇಲೆ ದಾಟುತ್ತಾರೆ.