ಬೆಟ್ ಗೆದ್ದೆ, ಈ ವರ್ಷ ಕಟ್ಟಲ್ಲ

ನಮ್ಮ ಹಾಸ್ಟೆಲ್ ವಾಟ್ಸಾಪ್ ಗ್ರೂಪಿನಲ್ಲಿ ಮತ್ತೆ ಆ ಮೆಸೇಜ್ ಬಂದಿದೆ. ತಲೆಗೆ 500 ರೂಪಾಯಿ, ಎಂಟು ವಾರ ಟೈಮ್, ಯಾರು ಜಾಸ್ತಿ ಕಿಲೊ ಇಳಿಸ್ತಾರೋ ದುಡ್ಡೆಲ್ಲ ಅವರಿಗೆ. ಕಳೆದ ವರ್ಷ ಹನ್ನೊಂದು ಜನ ಸೇರಿದ್ವಿ. ಗೆದ್ದವನು ನಾನೇ. 86 ಕಿಲೊ ಇದ್ದವನು 77ಕ್ಕೆ ಬಂದೆ, 5500 ರೂಪಾಯಿ ಎಣಿಸಿಕೊಂಡೆ, ತೂಕದ ಮಶೀನಿನ ಫೋಟೋ ಸ್ಟೇಟಸ್ ಹಾಕಿದೆ. ಈ ಸಲ ಸೇರಲ್ಲ ಅಂದಿದ್ದಕ್ಕೆ, 'ಗೆದ್ದ ಮ್ಯಾಲ ಶಾಣ್ಯಾ ಆಗ್ಯಾನ ನೋಡ್ರಿ' ಅಂತ ಕಾಲೆಳೆದರು. ಗ್ರೂಪಿನಲ್ಲಿ ಉದ್ದ ಬರೆದರೆ ಯಾರೂ ಓದಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಕನ್ನಡ ಅಂದ್ರೆ ನನಗೆ ಒಂದು ಪೇಪರ್ ಅಷ್ಟೇ ಆಗಿತ್ತು. ಒತ್ತಕ್ಷರ ತಪ್ಪಿದ್ರೆ ಎಡಿಟರ್ ನೋಡ್ಕೋತೀನಿ ಅಂದಿದ್ದಾರೆ.

ಹೇಗೆ ಗೆದ್ದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ರಾತ್ರಿ ಊಟ ಬಿಟ್ಟೆ. ಆಮೇಲೆ ಬೆಳಗಿನ ನಾಷ್ಟಾನೂ ಬಿಟ್ಟೆ. ಮಧ್ಯಾಹ್ನ ಮೆಸ್ಸಿನಲ್ಲಿ ಎರಡು ಚಪಾತಿ, ಒಂದಿಷ್ಟು ಸೌತೆಕಾಯಿ. ದಾಲ್ ಮುಟ್ಟಲಿಲ್ಲ, ಯಾಕಂದ್ರೆ ಯೂಟ್ಯೂಬಿನಲ್ಲಿ ಯಾರೋ ಅದರಲ್ಲಿ ಕಾರ್ಬ್ ಇದೆ ಅಂದಿದ್ದ. ತೊಗರಿ ಕಣಜ ಅಂತ ಕರೆಸಿಕೊಳ್ಳೋ ಜಿಲ್ಲೆ ನಮ್ಮದು, 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್ ಬೇರೆ ಸಿಕ್ಕಿದೆ, ಅಂಥ ಊರಿನವನು ನಾನು ಬೇಳೆ ಬಿಟ್ಟು ಕೂತೆ. ಕೊನೇ ದಿನ ನೀರೂ ಕುಡಿಯಲಿಲ್ಲ. ಏಪ್ರಿಲ್ ತಿಂಗಳು. ಕಲಬುರಗಿ ಬಿಸಿಲಲ್ಲಿ ನೀರು ಬಿಡೋದು ಎಂಥ ದಡ್ಡತನ ಅಂತ ಇಲ್ಲಿಯವರಿಗೆ ನಾನು ಹೇಳಬೇಕಾಗಿಲ್ಲ.

ಮಾರನೇ ದಿನ ಊರಿಗೆ ಹೊರಟೆ. ನಮ್ಮೂರು ಚಿತ್ತಾಪುರ. ಕಲಬುರಗಿಯಿಂದ ಟ್ರೇನ್ ಶಹಾಬಾದ್ ದಾಟಿ ವಾಡಿಗೆ ಬರುತ್ತೆ, ಅಲ್ಲಿ ಇಳಿದು ಸಿಕಂದರಾಬಾದ್ ಕಡೆಯ ಗಾಡಿ ಹಿಡಿಬೇಕು. ವಾಡಿ ಜಂಕ್ಷನ್ನಿನ ಮೇಲ್ಸೇತುವೆ ಹತ್ತಬೇಕಿತ್ತು. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್, ಕೈಯಲ್ಲಿ ಬಟ್ಟೆ ಬ್ಯಾಗ್, ಎರಡೂ ಸೇರಿ ಹನ್ನೆರಡು ಕಿಲೊ ಇರಬಹುದು. ಅರ್ಧ ಮೆಟ್ಟಿಲು ಹತ್ತೋದ್ರಲ್ಲಿ ತೊಡೆ ನಡುಗಿತು, ಕಣ್ಣಿಗೆ ಕತ್ತಲೆ ಬಂತು, ಅಲ್ಲೇ ಕೂತುಬಿಟ್ಟೆ. ತಲೆ ಮೇಲೆ ಗಂಟು ಹೊತ್ತು ಹತ್ತುತ್ತಿದ್ದ ಒಬ್ಬ ಆಯಿ ನಿಂತು, 'ಯಾಕ ತಮ್ಮಾ, ಮುಂಜಾನಿಂದ ಏನೂ ತಿಂದಿಲ್ಲೇನ್?' ಅಂತ ಕೇಳಿ ತನ್ನ ಬಾಟಲಿ ನೀರು ಕೊಟ್ಟಳು. ಆಮೇಲೆ ತಲೆ ಮೇಲಿನ ಗಂಟು ಹಾಗೇ ಇರಲು, ನನ್ನ ಬಟ್ಟೆ ಬ್ಯಾಗನ್ನೂ ಎತ್ತಿಕೊಂಡು ಮೇಲೆ ಹೋದಳು. ನನ್ನ ಸ್ಟೇಟಸ್ಸಿಗೆ ಆಗಿನ್ನೂ ಲೈಕ್ ಬರ್ತಾ ಇದ್ದವು.

ರಜೆ ಮುಗಿಸಿ ವಾಪಸ್ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಬೆಟ್ ಕಟ್ಟೋ ಮುಂಚೆ ಹಾಕಬೇಕಿತ್ತು, ಬಿಡಿ. ಮೊದಲನೇ ವಾರದಲ್ಲೇ ನಾನು 3.2 ಕಿಲೊ ಇಳಿದಿದ್ದೆ. ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಇರುತ್ತೆ. 3.2 ಕಿಲೊ ಪೂರ್ತಿ ಕೊಬ್ಬೇ ಆಗಿದ್ದರೆ 24,640 ಕ್ಯಾಲೊರಿ ಸುಟ್ಟಿರಬೇಕು. ನನ್ನಂಥವನ ದೇಹ ದಿನಕ್ಕೆ 2500 ಸುಡುತ್ತೆ ಅಂದ್ಕೊಳ್ಳಿ, ವಾರಕ್ಕೆ 17,500. ಅಂದ್ರೆ ಏಳು ದಿನ ಒಂದು ಕಾಳೂ ತಿನ್ನದೆ ಇದ್ದರೂ ಅಷ್ಟು ಕೊಬ್ಬು ಹೋಗೋಕೆ ಸಾಧ್ಯನೇ ಇಲ್ಲ. ಹಾಗಾದ್ರೆ ಹೋಗಿದ್ದೇನು? ದೇಹ ಸಕ್ಕರೆಯನ್ನ ಗ್ಲೈಕೊಜೆನ್ ಅಂತ ಮಾಡಿ ಸ್ನಾಯು ಮತ್ತು ಲಿವರಿನಲ್ಲಿ ಸುಮಾರು ಅರ್ಧ ಕಿಲೊ ಇಟ್ಟುಕೊಂಡಿರುತ್ತೆ. ಪ್ರತಿ ಗ್ರಾಂ ಗ್ಲೈಕೊಜೆನ್ ಜೊತೆ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತೆ. ಊಟ ಬಿಟ್ಟ ಕೂಡಲೇ ಮೊದಲು ಖಾಲಿಯಾಗೋದು ಅದು. ಎರಡು ಕಿಲೊ ಹತ್ತಿರ ಅಲ್ಲೇ ಹೋಯ್ತು. ಹೊಟ್ಟೆಯಲ್ಲಿದ್ದ ಊಟದ ತೂಕವೂ ಹೋಯ್ತು. ಆಮೇಲಿನ ವಾರಗಳಲ್ಲಿ ಸ್ವಲ್ಪ ಕೊಬ್ಬು ಹೋಗಿದೆ, ಇಲ್ಲ ಅನ್ನಲ್ಲ. ಆದ್ರೆ ಪ್ರೋಟೀನ್ ಇಲ್ಲದೆ, ಮೈ ಬಗ್ಗಿಸದೆ ಬರೀ ಉಪವಾಸ ಮಾಡಿದವನ ಸ್ನಾಯೂ ಕರಗುತ್ತೆ. ನನ್ನ ತೊಡೆ ವಾಡಿ ಸೇತುವೆ ಮೇಲೆ ನಡುಗಿದ್ದು ಅದಕ್ಕೇ ಇರಬೇಕು.

ಎಂ-1, ಎಂ-2 ಬರೆದವರು ನಾವು. ಕೊಬ್ಬು, ಸ್ನಾಯು, ನೀರು, ಎಲುಬು, ಊಟ ಅಂತ ಐದು ಅಜ್ಞಾತಗಳು, ಕೈಯಲ್ಲಿರೋದು ಒಂದೇ ಸಮೀಕರಣ. ಪರೀಕ್ಷೆಯಲ್ಲಿ ಇದನ್ನ ಬಿಡಿಸು ಅಂದ್ರೆ ಪೇಪರ್ ಸೆಟ್ ಮಾಡಿದವರನ್ನೇ ಬೈತೀವಿ. ಬೆಳಿಗ್ಗೆ ಎದ್ದು ಮಶೀನ್ ಮೇಲೆ ನಿಂತು ಮಾತ್ರ ದಿನಾ ಬಿಡಿಸ್ತೀವಿ.

ಇಷ್ಟೇ ಆಗಿದ್ರೆ ನಾನು ಬರೀತಿರಲಿಲ್ಲ. ಬರೆಯೋಕೆ ಕಾರಣ ನಮ್ಮಪ್ಪ.

ಅಪ್ಪ ವಾಡಿಯಲ್ಲಿ ವೇಬ್ರಿಜ್ಜಿನಲ್ಲಿ ಕೆಲಸ ಮಾಡ್ತಾರೆ. ನಮ್ಮ ಕಡೆ ಅದಕ್ಕೆ ಕಾಟಾ ಅಂತಾರೆ. ಖಾಲಿ ಲಾರಿ ತೂಕ, ತುಂಬಿದ ಲಾರಿ ತೂಕ, ಕಳೆದು ಬರೆದುಕೊಳ್ಳೋದು, ಇಡೀ ದಿನ ಕುರ್ಚಿ ಮೇಲೆ. ಎತ್ತರ 165 ಸೆಂ.ಮೀ., ತೂಕ 58 ಕಿಲೊ. ಬಿಎಂಐ 21.3, ಚಾರ್ಟಿನಲ್ಲಿ ಹಸಿರು ಬಣ್ಣ. ಮನೆಯಲ್ಲಿ ಎಲ್ಲರೂ ನನ್ನನ್ನೇ ಬೈತಿದ್ದರು: 'ನೋಡು ಅಪ್ಪ ಹೆಂಗ ಕಡ್ಡಿ ಇದ್ದಂಗ ಅದಾರ, ನೀ ನೋಡಿದ್ರ ಚೀಲ ಆಗೀದಿ, ಈಗ್ಲೇ ಶುಗರ್ ಬಂದೀತು.' ಶುಗರ್ ಬಂದಿದ್ದು ಕಡ್ಡಿ ಇದ್ದವರಿಗೆ. ಕಾಲಿಗಾದ ಸಣ್ಣ ಗಾಯ ಮೂರು ವಾರ ಆದರೂ ಮಾಯದೆ ಇದ್ದಾಗ ರಕ್ತ ಟೆಸ್ಟ್ ಮಾಡಿಸಿದರು. ಖಾಲಿ ಹೊಟ್ಟೆಯಲ್ಲಿ 196. 126 ದಾಟಿದರೇ ಸಕ್ಕರೆ ಕಾಯಿಲೆ ಅಂತ ಲೆಕ್ಕ. ಅವ್ವ ರಿಪೋರ್ಟನ್ನ ಎರಡೆರಡು ಸಲ ತಿರುಗಿಸಿ ನೋಡಿ, ಬೇರೆ ಯಾರದ್ದೋ ಹೆಸರಿಗೆ ಬದಲಾಗಿದೆ ಅಂದಳು. 'ದಪ್ಪ ಇಲ್ಲಲ್ಲ, ನನಗ್ಯಾಕ ಟೆಸ್ಟ್' ಅಂತ ಅಪ್ಪ ವರ್ಷಗಟ್ಟಲೆ ಮುಂದೂಡಿದ್ದರು. 58 ಅನ್ನೋ ನಂಬರ್ ಅವರಿಗೆ ಅಷ್ಟು ಧೈರ್ಯ ಕೊಟ್ಟಿತ್ತು.

ಡಾಕ್ಟರು ತೂಕ ನೋಡಲೇ ಇಲ್ಲ, ಟೇಪ್ ತಗೊಂಡು ಹೊಟ್ಟೆ ಅಳತೆ ತಗೊಂಡರು. 93 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು ಅಂತಾರೆ. ಕೈಕಾಲು ಸಣ್ಣ, ಶರ್ಟಿನೊಳಗೆ ಹೊಟ್ಟೆ. ನಮ್ಮ ಓಣಿಯ ಅರ್ಧ ಗಂಡಸರು ಹೀಗೇ ಇದ್ದಾರೆ ಅಂತ ನನಗೆ ಆಗ ಹೊಳೀತು.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್‌ಕಿನ್ ಇಬ್ಬರೂ ಪಕ್ಕಪಕ್ಕ ನಿಂತ ಫೋಟೋ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಒಂದೇ, 22.3. ಆದ್ರೆ ಯುಡ್‌ಕಿನ್ ದೇಹದಲ್ಲಿ ಕೊಬ್ಬು 9.1 ಪರ್ಸೆಂಟ್, ಯಾಜ್ಞಿಕ್ ದೇಹದಲ್ಲಿ 21.2. ಒಂದೇ ಬಿಎಂಐ, ಕೊಬ್ಬು ಎರಡು ಪಟ್ಟಿಗಿಂತ ಜಾಸ್ತಿ. ಇಬ್ಬರ ಹೆಸರೂ ವೈ ಅಕ್ಷರದಿಂದ ಶುರುವಾಗೋದ್ರಿಂದ ಇದಕ್ಕೆ ವೈ-ವೈ ಪ್ಯಾರಡಾಕ್ಸ್ ಅಂತ ಹೆಸರಿಟ್ಟರು. ನಾನು ಇದನ್ನ ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಅಪ್ಪ ಸ್ವಲ್ಪ ಹೊತ್ತು ನೋಡಿ, 'ಅದಾ ನೋಡು. ಕಾಟಾ ಮ್ಯಾಲ ಲಾರಿ ನಿಂತ್ರ ತೂಕ ಗೊತ್ತಾಗ್ತದ, ಒಳಗ ಸಿಮೆಂಟ್ ಅದನೋ ಉಸುಕು ಅದನೋ ಕಾಟಾಕ್ಕ ಏನ್ ಗೊತ್ತು' ಅಂದರು. ನಾಕು ವರ್ಷ ಇಂಜಿನಿಯರಿಂಗ್ ಓದಿದರೂ ನನಗೆ ಇಷ್ಟು ಸಲೀಸಾಗಿ ಹೇಳೋಕೆ ಬರಲ್ಲ.

ಈಗ ಅಪ್ಪ ಗುಳಿಗೆ ತಗೋತಾರೆ, ಊಟ ಆದ ಮೇಲೆ ಇಪ್ಪತ್ತು ನಿಮಿಷ ನಡೀತಾರೆ, ಬೆಳಿಗ್ಗೆ ಎರಡು ನೀರಿನ ಕೊಡ ಹಿಡಿದು ಎತ್ತಿ ಇಳಿಸೋ ಕಸರತ್ತು ಮಾಡ್ತಾರೆ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 8.6 ಇದ್ದದ್ದು 7.0ಗೆ ಬಂದಿದೆ. ಹೊಟ್ಟೆ 93ರಿಂದ 89. ತೂಕ 58 ಇದ್ದದ್ದು 59 ಆಗಿದೆ. ನಮ್ಮ ಬೆಟ್ ಪ್ರಕಾರ ಅಪ್ಪ ಸೋತರು.

ಮುತ್ಯಾನ ಮಾತು ಇಲ್ಲಿ ಬರಲೇಬೇಕು. ಮುತ್ಯಾ ಶಹಾಬಾದ್ ಹತ್ತಿರದ ಫರ್ಸಿ ಖಣಿಯಲ್ಲಿ ದುಡಿದವನು. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಇಂಚು ದಪ್ಪದ ಶಹಾಬಾದ್ ಕಲ್ಲು ಎಷ್ಟು ತೂಕ ಅಂತ ನಾನು ಡೆನ್ಸಿಟಿ ಹಾಕಿ ತೆಗೆದೆ, 37 ಕಿಲೊ ಹತ್ತಿರ ಬಂತು. ಅಂಥವನ್ನ ದಿನಕ್ಕೆ ಎಷ್ಟು ಎತ್ತಿದ್ದನೋ ಲೆಕ್ಕ ಇಟ್ಟವರಿಲ್ಲ. ತನ್ನ ತೂಕ ಎಷ್ಟು ಅಂತ ಕೇಳಿದ್ರೆ, 'ನನಗ್ಯಾಕ ಬೇಕು, ನಾ ಏನ್ ತೊಗರಿ ಚೀಲಾನಾ?' ಅಂತಿದ್ದ. ಉತ್ತರ ಕರ್ನಾಟಕದ ಹಳ್ಳಿ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋದು, ಗುಂಡು ಎತ್ತೋದು, ಜೋಳದ ಚೀಲ ಎತ್ತೋದು ನಡೆಯುತ್ತಲ್ಲ, ಅಲ್ಲಿ ಕಲ್ಲಿನ ತೂಕ ಮೈಕಿನಲ್ಲಿ ಕೂಗಿ ಹೇಳ್ತಾರೆ. ಎತ್ತುವವನ ತೂಕ ಯಾರೂ ಕೇಳಲ್ಲ. ಹಾಗಂತ ಖಣಿ ಕೆಲಸವನ್ನ ಫಿಟ್‌ನೆಸ್ ಅಂತ ಕೊಂಡಾಡೋ ಹುಚ್ಚು ನನಗಿಲ್ಲ. ಮುತ್ಯಾನ ಬೆನ್ನು ಐವತ್ತಕ್ಕೇ ಬಾಗಿತ್ತು, ಕೆಮ್ಮು ಕೊನೇ ತನಕ ಬಿಡಲಿಲ್ಲ. ರೆಸ್ಟ್ ಇಲ್ಲದ, ಹೊಟ್ಟೆ ತುಂಬ ಊಟ ಇಲ್ಲದ ದುಡಿಮೆ ಬೇರೆ, ವ್ಯಾಯಾಮ ಬೇರೆ.

ನಾನು ಈಗ ಮಾಡ್ತಿರೋದು ದೊಡ್ಡದೇನಲ್ಲ. ನನ್ನ ಸೇಡಂ ರೂಮ್‌ಮೇಟ್‌ನ ಅಣ್ಣ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ. ಹುಡುಗರು 1600 ಮೀಟರನ್ನ 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಅವನೇ ನನಗೆ ಗುರು. 'ಮೊದಲ್ ನಡಿ, ಆಮ್ಯಾಲ ಓಡು, ಮಶೀನ್ ಬಿಟ್ಟು ಗಡಿಯಾರ ನೋಡು' ಅಂದ. ನಾನು 2.4 ಕಿಲೊಮೀಟರ್ ಆರಿಸಿಕೊಂಡೆ. ಕೆನೆತ್ ಕೂಪರ್ ಅನ್ನೋ ಅಮೆರಿಕದ ಏರ್‌ಫೋರ್ಸ್ ಡಾಕ್ಟರು 1968ರಲ್ಲಿ ಜನಪ್ರಿಯ ಮಾಡಿದ ಓಟದ ಟೆಸ್ಟುಗಳಲ್ಲಿ ಇದೂ ಒಂದು, ಹೃದಯ ಮತ್ತು ಶ್ವಾಸಕೋಶ ಎಷ್ಟು ಕೆಲಸ ಮಾಡ್ತವೆ ಅಂತ ಇದರಿಂದ ಅಂದಾಜು ಸಿಗುತ್ತೆ. ಮೊದಲ ದಿನ 19 ನಿಮಿಷ, ಅದರಲ್ಲೂ ಅರ್ಧ ನಡಿಗೆ. ಈಗ 14 ನಿಮಿಷ 10 ಸೆಕೆಂಡ್. ಪುಷಪ್ಸ್ ಸೊನ್ನೆಯಿಂದ ಹದಿನಾರಕ್ಕೆ ಬಂದಿದೆ. ಬೆಳಿಗ್ಗೆ ಏಳುವಾಗಿನ ನಾಡಿಬಡಿತ 86 ಇತ್ತು, ಈಗ 70. ಪ್ಯಾಂಟ್ 38 ಇದ್ದದ್ದು 35.

ತೂಕ? ಬೆಟ್ ಮುಗಿದ ಮೂರು ತಿಂಗಳಿಗೆ 87 ಆಗಿತ್ತು, ಅಂದ್ರೆ ಬಡ್ಡಿ ಸಮೇತ ವಾಪಸ್. ಈಗ 83. ಕಾಗದದ ಮೇಲೆ 77ರ ನಾನು ಮೇಲು. ವಾಡಿ ಸೇತುವೆ ಹತ್ತೋಕೆ 83ರ ನಾನೇ ಮೇಲು. ದಾಲ್ ಎರಡು ಬಟ್ಟಲು, ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ ಎಲ್ಲ ತಿಂತೀನಿ. ಬಿಟ್ಟಿದ್ದು ರಾತ್ರಿ ಹನ್ನೊಂದರ ಮ್ಯಾಗಿ ಮತ್ತು ಕೋಲ್ಡ್ ಡ್ರಿಂಕ್.

ನಂಬರ್ ಇಲ್ಲದಿದ್ರೆ ಮೋಟಿವೇಷನ್ ಬರಲ್ಲ ಅಂತ ಗ್ರೂಪಿನಲ್ಲಿ ಒಬ್ಬ ಬರೆದಿದ್ದ. ಮೇಲೆ ನಾನು ಕೊಟ್ಟಿದ್ದೂ ನಂಬರುಗಳೇ ಅಲ್ವಾ? ಮಶೀನನ್ನ ಕಿಟಕಿಯಿಂದ ಎಸೆಯಿರಿ ಅಂತಾನೂ ನಾನು ಹೇಳ್ತಿಲ್ಲ. ಅಂಗನವಾಡಿಯಲ್ಲಿ ಕೂಸಿನ ತೂಕ ತಿಂಗಳಾ ತಿಂಗಳಾ ನೋಡಲೇಬೇಕು, ಅಲ್ಲಿ ಅದು ಜೀವದ ಪ್ರಶ್ನೆ. ನೂರು ಕಿಲೊ ದಾಟಿ ಮಂಡಿ ನೋವು ಶುರುವಾದವರಿಗೆ ಡಾಕ್ಟರು ತೂಕ ಇಳಿಸಿ ಅಂದ್ರೆ ಇಳಿಸಬೇಕು, ನಾನೂ ಇನ್ನೂ ಇಳಿಸಬೇಕಾದವನೇ. ತಿಂಗಳಿಗೆ ಒಂದು ಸಲ ನಾನೂ ನಿಲ್ತೀನಿ. ದಿನಾ ನಿಲ್ಲೋದು ಬಿಟ್ಟಿದೀನಿ, ಯಾಕಂದ್ರೆ ಒಂದು ಲೀಟರ್ ನೀರು ಕುಡಿದ್ರೆ ಒಂದು ಕಿಲೊ ಏರೋ ಮಶೀನ್ ನೋಡಿ ಬೆಳಿಗ್ಗೆಯ ಮೂಡ್ ಕೆಡಿಸಿಕೊಳ್ಳೋದು ಯಾಕೆ. ಲೇಡೀಸ್ ಹಾಸ್ಟೆಲ್ಲಿನಲ್ಲೂ ಇಂಥದ್ದೇ ಬೆಟ್ ನಡೆದಿದೆ ಅಂತ ಕ್ಲಾಸ್‌ಮೇಟ್ ಹೇಳಿದಳು. ಹಿಮೋಗ್ಲೋಬಿನ್ 9 ಇದ್ದ ಹುಡುಗಿ ಊಟ ಬಿಟ್ಟು ಲ್ಯಾಬಿನಲ್ಲಿ ತಲೆ ತಿರುಗಿ ಬಿದ್ದಳಂತೆ. ಅದರ ಬಗ್ಗೆ ನನಗಿಂತ ಅವಳೇ ಬರೆದರೆ ಚೆನ್ನ, ಮುಂದಿನ ಸಂಚಿಕೆಗೆ ಕೇಳಿದೀನಿ.

ಈಗ ನನ್ನ ಪ್ರಸ್ತಾಪ. 500 ರೂಪಾಯಿ ನಾನೂ ಹಾಕ್ತೀನಿ, ರೂಲ್ಸ್ ಬದಲಾಯಿಸಿ. ಭಾನುವಾರ ಬೆಳಿಗ್ಗೆ ಆರಕ್ಕೆ ಗ್ರೌಂಡಿನಲ್ಲಿ ಎಲ್ಲರ 2.4 ಕಿಲೊಮೀಟರ್ ಟೈಮ್ ಬರೆದುಕೊಳ್ಳೋಣ, ನಡೆದರೂ ಸರಿ. ಪುಷಪ್ಸ್ ಎಣಿಸೋಣ, ಮಂಡಿ ಊರಿ ಮಾಡಿದರೂ ಸರಿ. ಒಂದು ದಾರ ತಗೊಂಡು ನಮ್ಮ ಎತ್ತರ ಅಳೆದು, ಅದನ್ನ ಅರ್ಧಕ್ಕೆ ಮಡಚಿ ಹೊಟ್ಟೆ ಸುತ್ತ ಹಿಡಿಯೋಣ, ಮುಟ್ಟುತ್ತೋ ಇಲ್ವೋ. ಎಂಟು ವಾರ ಆದ ಮೇಲೆ ಮತ್ತೆ ಅದೇ ಮೂರು. ತನ್ನ ಮೊದಲ ದಿನಕ್ಕಿಂತ ಯಾರು ಹೆಚ್ಚು ಮುಂದೆ ಬಂದಿದ್ದಾರೋ ದುಡ್ಡು ಅವರದ್ದು. ಆರೋಗ್ಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನ ಕೇಳಿ ಬನ್ನಿ.

ಇದನ್ನ ಬರೆಯೋವಾಗ ಪಕ್ಕದ ಬೆಡ್ಡಿನ ಚಿಂಚೋಳಿ ಹುಡುಗ ಓದಿ ನೋಡಿದ. ಅವನು 52 ಕಿಲೊ. ಕಳೆದ ವರ್ಷ 'ನಿನಗ ಇಳಿಸಾಕ ಏನದ ಲೇ' ಅಂತ ಅವನನ್ನ ಬೆಟ್ಟಿಗೆ ಸೇರಿಸಿಕೊಂಡೇ ಇರಲಿಲ್ಲ. ಮೂರನೇ ಮಹಡಿ ಹತ್ತಿ ಬಂದ್ರೆ ಎರಡು ನಿಮಿಷ ಮಾತಾಡಲ್ಲ, ಅಷ್ಟು ಏದುಸಿರು. ಏನೂ ಅನ್ನದೆ ಫೋನ್ ತೆಗೆದು ನನಗೆ 500 ರೂಪಾಯಿ ಕಳಿಸಿದ. ಆಮೇಲೆ ಅವ್ವ ಕೊಟ್ಟು ಕಳಿಸಿದ ಉಂಡಿ ಡಬ್ಬಿಗೆ ಕಟ್ಟಿದ್ದ ದಾರ ಬಿಚ್ಚಿಕೊಂಡು, 'ಹಿಡಿ, ಮೊದಲ್ ನಂದೇ ಅಳಿ' ಅಂದ.